ಡಿಸೆಂಬರ್‌ಗೆ ಬರೀತೀನಿ

ಹೊರದೇಶದಲ್ಲಿ ಡಾಕ್ಟರಿಕೆ ಓದಿ ಬಂದವರನ್ನು ಯಾರೂ ಏನು ಓದಿದೆ ಎಂದು ಕೇಳುವುದಿಲ್ಲ. ಯಾವಾಗ ಬರೀತೀಯ ಎಂದು ಕೇಳುತ್ತಾರೆ. ಅಲ್ಲಿಂದ ತಂದ ಪದವಿಗೆ ಎಷ್ಟು ದೊಡ್ಡ ಮೊಹರಿದ್ದರೂ ಅಷ್ಟೇ, ಇಲ್ಲಿನ ಪರೀಕ್ಷೆಯೊಂದನ್ನು ಪಾಸಾಗದೆ ಜ್ವರಕ್ಕೆ ಒಂದು ಮಾತ್ರೆ ಬರೆದುಕೊಡುವ ಹಕ್ಕೂ ನಮಗಿಲ್ಲ. ಆ ಪರೀಕ್ಷೆ ಜೂನಿನಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಬರುತ್ತದೆ, ಬರೆದವರಲ್ಲಿ ಬಹಳ ಜನ ಡುಮ್ಕಿ ಹೊಡೆಯುತ್ತಾರೆ. ಅದಕ್ಕೇ ನಮ್ಮವರಲ್ಲಿ ಒಂದು ಪದ್ಧತಿ ಬೆಳೆದಿದೆ. ಯಾರು ಕೇಳಿದರೂ ಮುಂದಿನ ಸಲ ಬರೀತೀನಿ ಎನ್ನುವುದು, ಈ ಸಲವೇ ಸದ್ದಿಲ್ಲದೆ ಹೋಗಿ ಬರೆದು ಬರುವುದು. ಪಾಸಾದರೆ ಪೇಡಾ ಹಂಚುವುದು, ಆಗದಿದ್ದರೆ ಬರೆದೇ ಇರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಪದ್ಧತಿ.

ನನ್ನದು ಮೊದಲಿನಿಂದಲೂ ಅನುಮಾನದ ಸ್ವಭಾವ. ಅಂಗಡಿಯವನು ಕೇಳದೆ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕಿದರೆ, ಟೊಮೇಟೊ ಕೊಳೆತಿರಬೇಕು ಎಂದು ಅಲ್ಲೇ ಚೀಲ ಬಿಚ್ಚಿ ನೋಡುವವಳು. ಓದಿದ ವಿದ್ಯೆಯೂ ಅದಕ್ಕೆ ತಕ್ಕದ್ದೇ ಸಿಕ್ಕಿತು. ತಲೆನೋವು ಅಂದವನ ತಲೆಯೊಳಗೆ ಏನೇನಿರಬಹುದು ಎಂದು ಕೆಟ್ಟದ್ದನ್ನೇ ಮೊದಲು ಯೋಚಿಸಿ ಎಂದು ಆರು ವರ್ಷ ಕಲಿಸಿದರು. ನಾನು ಅದನ್ನು ರೋಗಿಗಳಿಗಷ್ಟೇ ಸೀಮಿತ ಮಾಡಲಿಲ್ಲ.

ಬಾಗಲಗುಂಟೆಯ ನಮ್ಮ ಅಪಾರ್ಟ್‌ಮೆಂಟಿಗೆ ವಾಪಸು ಬಂದ ವಾರದಲ್ಲೇ ಮೇಲಿನ ಮಹಡಿಯ ಆಂಟಿ ತಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟ್ ತಂದು ಮುಂದೆ ಹಿಡಿದರು. ಅವರಿಗೆ ಬೇಕಾದಷ್ಟು ಹಳೆಯ ಡಾಕ್ಟರಿದ್ದಾರೆ, ಬರೆದುಕೊಟ್ಟ ಮಾತ್ರೆ ಆಗಲೇ ನುಂಗುತ್ತಿದ್ದಾರೆ. ಬಂದದ್ದು ಸಲಹೆಗಲ್ಲ, ನನಗೆ ಏನಾದರೂ ಬರುತ್ತದೋ ಇಲ್ಲವೋ ನೋಡಲು. ನಿಮ್ಮ ಡಾಕ್ಟರಿಗೇ ತೋರಿಸಿ ಆಂಟಿ ಎಂದೆ. ಲಿಫ್ಟಿನ ಹತ್ತಿರ ಅವರು ಇನ್ಯಾರಿಗೋ, ಪಾಪ ಇನ್ನೂ ಪರೀಕ್ಷೆಯೇ ಬರೆದಿಲ್ಲವಂತೆ, ಎಂದದ್ದು ಬಾಗಿಲ ಹಿಂದೆ ನಿಂತಿದ್ದ ನನಗೆ ಕೇಳಿಸಿತು. ಆ ಪಾಪ ಅನ್ನುವ ಮಾತು ನನಗೆ ಚುಚ್ಚಿತು. ಬೇಗ ಡಾಕ್ಟರಾಗಿಬಿಡಬೇಕು ಎಂಬ ಹಟ ಅಲ್ಲೇ ಹುಟ್ಟಿತು.

ಬಂದದ್ದು ಫೆಬ್ರುವರಿಯಲ್ಲಿ. ಜೂನಿಗೆ ಬರೆಯುವುದೋ, ಡಿಸೆಂಬರಿಗೋ? ಅಪ್ಪ ದಾವಣಗೆರೆ ಕಡೆಯಿಂದ ಬಂದು ಪೀಣ್ಯದ ಗೇರ್ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗ ನೋಡಿಕೊಳ್ಳುವವರು. ಮೆಷಿನ್ನಿನಿಂದ ಇಳಿದ ಪೀಸನ್ನು ಬಿಸಿಯಿರುವಾಗ ಅಳೆಯಬಾರದು, ಆರಲು ಬಿಡಬೇಕು, ಇಲ್ಲದಿದ್ದರೆ ಒಳ್ಳೆಯ ಪೀಸೂ ರಿಜೆಕ್ಟ್ ಆಗುತ್ತೆ ಎಂದರು. ಅಂದರೆ ಡಿಸೆಂಬರ್. ಅವ್ವ, ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದಳು. ಅಂದರೆ ಜೂನ್. ಒಂದೇ ಮನೆಯಲ್ಲಿ, ಒಂದೇ ಕಬ್ಬಿಣದ ಬಗ್ಗೆ ಎರಡು ಮಾತು. ನನಗೆ ಇಬ್ಬರ ಮೇಲೂ ಅನುಮಾನ. ಅಪ್ಪನಿಗೆ ನನ್ನ ಓದಿನ ಮೇಲೆ ನಂಬಿಕೆಯಿಲ್ಲ, ಅವ್ವನಿಗೆ ಪರೀಕ್ಷೆ ಮುಗಿಸಿ ಗಂಡು ನೋಡುವ ಅವಸರ ಎಂದುಕೊಂಡೆ.

ಕೋಚಿಂಗ್ ಸರ್ ಮಾತಂತೂ ಕೇಳುವ ಹಾಗೇ ಇರಲಿಲ್ಲ. ಬಾಗಲಗುಂಟೆ ಮುಖ್ಯರಸ್ತೆಯಲ್ಲಿ ಪೇಂಟ್ ಅಂಗಡಿಯ ಮೇಲೆ ಅವರ ಕ್ಲಾಸು, ಅದರ ಪಕ್ಕದಲ್ಲೇ ನಮಗೆ ಓದಲೊಂದು ರೂಮು. ಕಿಟಕಿ ತೆಗೆದರೆ ಥಿನ್ನರ್ ವಾಸನೆ, ಮುಚ್ಚಿದರೆ ಸೆಕೆ. ಅವರು ಬಂದವರಿಗೆಲ್ಲ ಡಿಸೆಂಬರ್ ಎನ್ನುತ್ತಿದ್ದರು. ಬ್ಯಾಚ್ ತುಂಬಬೇಕಲ್ಲ, ಅನ್ನದೆ ಏನು ಮಾಡಿಯಾರು.

ಉಳಿದವಳು ನನ್ನ ಗೆಳತಿ. ನಾವು ಓದಿದ ಆ ಹಿಮದ ಊರಿನಲ್ಲಿ ಆರು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದವಳು. ಕೊಪ್ಪಳದ ಹತ್ತಿರದ ಹಳ್ಳಿಯ ಮೇಷ್ಟರ ಮಗಳು. ಅಣ್ಣ ಮಾದನಾಯಕನಹಳ್ಳಿಯ ಗೋದಾಮೊಂದರಲ್ಲಿ ಸೂಪರ್‌ವೈಸರ್. ಅಣ್ಣ ಅತ್ತಿಗೆಯ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ನಮ್ಮ ಓದುವ ರೂಮಿಗೆ ಬರುತ್ತಿದ್ದಳು. ನಾನು ಕೇಳಿದ್ದಕ್ಕೆ ಅವಳೂ ಎಲ್ಲರ ಹಾಗೆ, ಡಿಸೆಂಬರ್‌ಗೆ ಬರಿತೀನಿ ಬಿಡು, ಈಗೆಲ್ಲಿ ಆಕ್ಕೈತಿ, ಎಂದಳು. ನಾನೂ ಡಿಸೆಂಬರೇ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆಮೇಲಿನ ತಿಂಗಳುಗಳಲ್ಲಿ ನಾನು ಓದಿದ್ದಕ್ಕಿಂತ ಅವಳನ್ನು ಓದಿದ್ದೇ ಹೆಚ್ಚು. ನಾನು ಹತ್ತಿರ ಹೋದರೆ ಪುಸ್ತಕದ ಪುಟ ಮಗುಚುತ್ತಿದ್ದಳು. ಅಣಕು ಪರೀಕ್ಷೆಯಲ್ಲಿ ಎಷ್ಟು ಬಂತು ಎಂದರೆ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಸ್ಟುಡಿಯೋಗೆ ಹೋಗಿ ಬಿಳಿ ಹಿನ್ನೆಲೆಯ ಫೋಟೋ ತೆಗೆಸಿಕೊಂಡು ಬಂದಳು. ಯಾಕೆ ಎಂದೆ. ಆಧಾರ್‌ಗೆ ಎಂದಳು. ಆಧಾರ್‌ಗೆ ಸ್ಟುಡಿಯೋ ಫೋಟೋ ಯಾರು ಕೇಳುತ್ತಾರೆ? ಅಲ್ಲೇ ಕೂರಿಸಿ ಅಲ್ಲೇ ತೆಗೆಯುತ್ತಾರೆ. ಅಂದು ಸಂಜೆಯೇ ನಾನೂ ಬೇರೆ ಸ್ಟುಡಿಯೋಗೆ ಹೋಗಿ ಬಿಳಿ ಹಿನ್ನೆಲೆಯಲ್ಲಿ ಕೂತೆ. ಜೂನಿನ ಅರ್ಜಿ ಹಾಕಿಬಿಟ್ಟೆ. ಓದು ಮುಗಿದಿತ್ತು ಅಂತಲ್ಲ. ಅವಳು ನನ್ನನ್ನು ಹಿಂದೆ ಬಿಟ್ಟು ಮುಂದೆ ಹೋಗುತ್ತಾಳೆ ಎಂಬ ಹೊಟ್ಟೆಯುರಿಗೆ.

ಪರೀಕ್ಷೆ ಯಾವ ಊರಿನಲ್ಲಿ ಬರೆಯುವುದೆಂದು ನಾವೇ ಆರಿಸಿಕೊಳ್ಳಬಹುದು. ಬೆಂಗಳೂರು ಎಂದು ಹಾಕಿದರೆ ಗೇಟಿನಲ್ಲಿ ನಮ್ಮವರೇ ತುಂಬಿರುತ್ತಾರೆ, ಗುಟ್ಟು ಉಳಿಯುವುದಿಲ್ಲ. ಹಾಗಾಗಿ ಹುಬ್ಬಳ್ಳಿ ಹಾಕಿದೆ. ಅಪ್ಪ ಅವ್ವನಿಗಷ್ಟೇ ನಿಜ ಹೇಳಿದೆ. ಗೆಳತಿಗೆ, ದಾವಣಗೆರೆಯಲ್ಲಿ ಅತ್ತೆಯ ಮನೆ ಗೃಹಪ್ರವೇಶ, ಒಂದೆರಡು ದಿನ ಬರುವುದಿಲ್ಲ ಎಂದೆ. ಅವಳು ತನಗೂ ಊರಿನಲ್ಲಿ ಅಕ್ಕನ ಮಗುವಿನ ತೊಟ್ಟಿಲು ಶಾಸ್ತ್ರ ಇದೆ ಎಂದಳು. ಹೋಗಿ ಬಾ ಎಂದೆ. ನನ್ನ ಗುಟ್ಟು ಉಳಿಯಿತಲ್ಲ ಎಂಬ ಖುಷಿಯಲ್ಲಿ ಅವಳ ತೊಟ್ಟಿಲಿನ ಮೇಲೆ ಅನುಮಾನಪಡುವುದನ್ನೇ ಮರೆತಿದ್ದೆ.

ಹುಬ್ಬಳ್ಳಿಯ ಸೆಂಟರಿನ ಗೇಟಿನಲ್ಲಿ ಹೆಣ್ಣುಮಕ್ಕಳ ಸಾಲು ಬೇರೆ. ಕಿವಿಯ ಓಲೆ, ಬಳೆ, ತಲೆಯ ಕ್ಲಿಪ್ಪು ಎಲ್ಲ ಬಿಚ್ಚಿಸಿ ಒಳಗೆ ಬಿಡುತ್ತಾರೆ. ನನ್ನ ಮುಂದೆ ಒಬ್ಬಳು ತಲೆ ಬಗ್ಗಿಸಿ ಓಲೆ ತೆಗೆಯುತ್ತಿದ್ದಳು. ತಿರುಪು ಬಿಗಿಯಾಗಿತ್ತೇನೋ, ತಿರುಗಿ, ಸ್ವಲ್ಪ ತೆಗೀರಿ ಅಂದಳು. ಗೆಳತಿ! ಮೊದಲು ಚೇತರಿಸಿಕೊಂಡವಳು ಅವಳೇ.

“ನಿಮ್ಮ ಅತ್ತಿ ಮನಿ ಗೃಹಪ್ರವೇಶ ಚಲೋ ಆತೇನು?”

“ಆಯ್ತು. ಮಗುವಿಗೆ ಏನು ಹೆಸರಿಟ್ರಿ?” ಎಂದೆ.

ನಗು ತಡೆಯಲಾಗಲಿಲ್ಲ. ತಪಾಸಣೆಯ ಹೆಂಗಸು, ಪರೀಕ್ಷೆಗೆ ಬಂದೀರೋ ಜಾತ್ರೆಗೆ ಬಂದೀರೋ ಎಂದು ಬೈದಳು. ಅಷ್ಟು ಜನರ ಕಣ್ಣು ತಪ್ಪಿಸಲು ನಾನೂರು ಕಿಲೋಮೀಟರ್ ಬಂದು, ಯಾರ ಕಣ್ಣು ತಪ್ಪಿಸಬೇಕಿತ್ತೋ ಅವಳ ಕೈಗೇ ಸಿಕ್ಕಿಬಿದ್ದಿದ್ದೆ. ಅವಳೂ ಹಾಗೇ.

ಪರೀಕ್ಷೆ ಮುಗಿದ ಮೇಲೆ ಖಾನಾವಳಿಯೊಂದರಲ್ಲಿ ರೊಟ್ಟಿ, ಎಣ್ಣೆಗಾಯಿ ತಿನ್ನುತ್ತ ಕೂತೆವು. ಉತ್ತರಗಳ ಸುದ್ದಿ ಇಬ್ಬರೂ ಎತ್ತಲಿಲ್ಲ. ಮಾತಿನ ನಡುವೆ ಗೊತ್ತಾಯಿತು, ನನಗೆ ತಲೆಗೆ ಹತ್ತದ ಸಮುದಾಯ ಆರೋಗ್ಯದ ಭಾಗವೆಲ್ಲ ಅವಳಿಗೆ ಅರೆದು ಕುಡಿದಷ್ಟು ಗೊತ್ತಿತ್ತು. ಅವಳು ತಡವರಿಸುವ ಔಷಧಶಾಸ್ತ್ರ ನನಗೆ ಬಾಯಿಪಾಠ. ತಿಂಗಳುಗಟ್ಟಲೆ ಅಕ್ಕಪಕ್ಕ ಕೂತು ಒಬ್ಬರಿಗೊಬ್ಬರು ಪುಟ ಮುಚ್ಚಿಕೊಂಡಿದ್ದೆವು. ಕೂಡಿ ಓದಿದ್ದರೆ ಇಬ್ಬರಿಗೂ ಚಲೋ ಆಗುತ್ತಿತ್ತು ಎಂದು ಅವಳು ಅಂದಳು. ಹೂಂ ಎಂದೆ. ಆಗಲೂ ಒಳಗೊಳಗೆ, ಇವಳು ನನ್ನಿಂದ ಉತ್ತರ ತೆಗೆಸಲು ನೋಡುತ್ತಿದ್ದಾಳೆಯೇ ಎಂಬ ಗುಮಾನಿ ಇದ್ದೇ ಇತ್ತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಫಲಿತಾಂಶ ಬಂತು. ನಾನು ಕೆಲವೇ ಅಂಕಗಳಿಂದ ಫೇಲಾಗಿದ್ದೆ. ಬಹಳ ಅಂಕಗಳಿಂದ ಹೋಗಿದ್ದರೆ ಇಷ್ಟು ಅಳು ಬರುತ್ತಿರಲಿಲ್ಲ. ಅಪ್ಪ, ನಾನು ಮೊದಲೇ ಹೇಳಿರಲಿಲ್ಲವೇ ಎನ್ನಲಿಲ್ಲ. ಅನ್ನದಿದ್ದುದೇ ನನಗೆ ಅನುಮಾನ ತಂದಿತು. ಇವರಿಗೆ ಇದು ಮೊದಲೇ ಗೊತ್ತಿತ್ತು, ನನ್ನಿಂದ ಇಷ್ಟೇ ನಿರೀಕ್ಷಿಸಿದ್ದರು ಎಂದು ಬಾಗಿಲು ಹಾಕಿಕೊಂಡು ಅತ್ತೆ.

ಆ ಹೊತ್ತಿಗೆ ವೈಟ್‌ಫೀಲ್ಡಿನ ಕಂಪನಿಯೊಂದರಿಂದ ಕೆಲಸದ ಕರೆ ಬಂದಿತ್ತು. ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳನ್ನು ಓದಿ, ಯಾವ ರೋಗಕ್ಕೆ ಯಾವ ಸಂಕೇತ ಎಂದು ಕಂಪ್ಯೂಟರಿನಲ್ಲಿ ತುಂಬುವ ಕೆಲಸ. ನಮ್ಮಂಥವರಿಗೆ ಅದನ್ನು ಕರೆದು ಕೊಡುತ್ತಾರೆ. ಏಸಿ ಕೋಣೆ, ಮನೆ ಬಾಗಿಲಿಗೆ ಕ್ಯಾಬು. ರೋಗಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಒಂದು ವರ್ಷ ಮಾಡಿ ಆಮೇಲೆ ಬರೀತೀನಿ ಎಂದು ಹೋದ ಸೀನಿಯರ್‌ಗಳನ್ನು ನಾನು ಬಲ್ಲೆ, ಒಬ್ಬರೂ ವಾಪಸು ಬಂದು ಬರೆದಿಲ್ಲ. ಹೋದರೆ ನನ್ನ ಡಾಕ್ಟರಿಕೆ ಅಲ್ಲಿಗೆ ಮುಗಿಯಿತು ಎಂದು ಗೊತ್ತಿದ್ದೇ ಹೂಂ ಅನ್ನಲು ಹೊರಟಿದ್ದೆ. ಗೆಳತಿಗೆ ಫೋನ್ ಮಾಡಿ, ನನ್ನದು ಹೋಯಿತು, ಸೋಮವಾರ ವೈಟ್‌ಫೀಲ್ಡಿಗೆ ಸೇರುತ್ತೇನೆ, ಇನ್ನು ಈ ಪರೀಕ್ಷೆಯ ಸಹವಾಸ ಸಾಕು ಎಂದೆ.

ಅವಳು ಫೋನ್ ಹಿಡಿದುಕೊಂಡೇ ಮನೆಯಿಂದ ಹೊರಗೆ ಬಂದಳೇನೋ, ಆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು.

“ನಂದೂ ಹೋತು. ಡಿಸೆಂಬರ್‌ಗೆ ಕೂಡೇ ಬರಿಯೋಣು. ನೀ ಬಿಟ್ಟು ಹೋದ್ರ ನಾನೂ ಬಿಟ್ಟಬಿಡ್ತೀನಿ ನೋಡು” ಎಂದಳು.

ನಿಜ ಹೇಳಬೇಕೆಂದರೆ, ಅವಳದೂ ಹೋಯಿತು ಎಂದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು. ಜೊತೆಗೆ ಭಯವೂ ಆಯಿತು. ನನ್ನ ದೆಸೆಯಿಂದ ಮೇಷ್ಟರ ಮಗಳ ಓದು ಹಾಳಾಗುವುದು ಬೇಡ ಎಂದು ಕಂಪನಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ.

ಮತ್ತೆ ಪೇಂಟ್ ಅಂಗಡಿಯ ಮೇಲಿನ ರೂಮು. ಮೊದಲ ದಿನವೇ ಕೋಚಿಂಗ್ ಸರ್ ಕ್ಲಾಸಿನ ಮುಂದೆ ನಿಂತು, ನನ್ನ ಮಾತು ಕೇಳದೆ ಜೂನಲ್ಲಿ ಬರೆದು ಮಕಾಡೆ ಬಿದ್ದವರು ಯಾರ್ಯಾರಿದ್ದೀರಿ ಎಂದರು. ಯಾರಾದರೂ ಕೈ ಎತ್ತುತ್ತಾರೆಯೇ? ಬಿದ್ದವರು ಅರ್ಧ ಕ್ಲಾಸೇ ಇದ್ದರೂ ಎಲ್ಲರೂ ಸೂರು ನೋಡಿದರು. ನಾನು ಪೆನ್ನಿನ ಮುಚ್ಚಳ ಹುಡುಕಿದೆ. ಗೆಳತಿ ಒಬ್ಬಳೇ ಕೈ ಎತ್ತಿದಳು. ಅವರು ಅವಳನ್ನು ಎದ್ದು ನಿಲ್ಲಿಸಿ, ಅವಸರಕ್ಕೆ ಬಿದ್ದವರ ಗತಿ ನೋಡಿ ಎಂದು ಎಲ್ಲರಿಗೂ ಬುದ್ಧಿ ಹೇಳಿದರು. ಅವಳು ನಗುತ್ತ ನಿಂತಿದ್ದಳು. ಇವಳಿಗೆ ನಾಚಿಕೆಯೂ ಇಲ್ಲವಲ್ಲ ಎಂದು ನನಗೇ ಸಿಟ್ಟು ಬಂತು. ಆಮೇಲೆ, ಸರ್ ಜೊತೆ ಇವಳದೇನೋ ಒಳಒಪ್ಪಂದವಿರಬೇಕು, ಡಿಸೆಂಬರ್ ಬ್ಯಾಚಿಗೆ ಜನ ಸೇರಿಸಲು ಇವಳನ್ನು ಇಟ್ಟುಕೊಂಡಿದ್ದಾರೆ ಎಂದುಕೊಂಡೆ.

ಅವಳ ನಡವಳಿಕೆಯೂ ಹಾಗೇ ಇತ್ತು. ಈಗ ಅವಳು ಪುಟ ಮುಚ್ಚುತ್ತಿರಲಿಲ್ಲ. ನನಗೆ ಪ್ರಶ್ನೆ ಕೇಳುತ್ತಿದ್ದಳು, ತಪ್ಪಿದರೆ ತಿದ್ದುತ್ತಿದ್ದಳು, ಲಸಿಕೆಗಳ ವೇಳಾಪಟ್ಟಿಯನ್ನು ಹಾಡಿನ ಹಾಗೆ ಹೇಳಿಸುತ್ತಿದ್ದಳು. ತಾನು ಮಾತ್ರ ಏನೂ ಬರೆದುಕೊಳ್ಳುತ್ತಿರಲಿಲ್ಲ. ನಾನು ಔಷಧಶಾಸ್ತ್ರ ಹೇಳಿಕೊಡಲು ಹೋದರೆ, ಹೂಂ ಹೂಂ ಎಂದು ಕೇಳಿ ಮತ್ತೆ ನನ್ನ ಪಾಠಕ್ಕೇ ಬರುತ್ತಿದ್ದಳು. ಅಣಕು ಪರೀಕ್ಷೆಯ ದಿನ ತಲೆನೋವು ಎನ್ನುತ್ತಿದ್ದಳು. ಇದೆಂಥ ಓದು? ಆಗಾಗ ಫೋನ್ ಬಂದರೆ ಮೆಟ್ಟಿಲಿಗೆ ಹೋಗಿ ದನಿ ತಗ್ಗಿಸಿ ಮಾತಾಡುತ್ತಿದ್ದಳು. ಒಮ್ಮೆ ನೀರು ಕುಡಿಯುವ ನೆಪದಲ್ಲಿ ಹಿಂದೆ ಹೋದೆ. ಸ್ವಲ್ಪ ಟೈಮ್ ಬೇಕ್ರಿ, ವರ್ಷದ ಕೊನಿಗೆ ಹೇಳ್ತೀನ್ರಿ, ಎನ್ನುತ್ತಿದ್ದಳು.

ಸರಿ, ಗಂಡು ಗೊತ್ತಾಗಿದೆ ಎಂದು ತೀರ್ಮಾನಿಸಿದೆ. ಮದುವೆಯಾಗಿ ಹೋಗುವವಳು, ಓದುವ ನಾಟಕ ಆಡುತ್ತಿದ್ದಾಳೆ. ನೇರವಾಗಿ ಕೇಳಿಯೇಬಿಟ್ಟೆ. ಮದುವಿ ಅಲ್ಲ, ಮಣ್ಣೂ ಅಲ್ಲ, ನೀ ಓದು ಎಂದಳು. ಮನೆಯಲ್ಲಿ ಅವಳಿಗೇನೂ ಸುಖವಿರಲಿಲ್ಲ. ಫೇಲಾಗಿ ಮನೆಯಲ್ಲಿ ಕೂತಿದ್ದಾಳೆ ಎಂದು ಅತ್ತಿಗೆ ಪಾತ್ರೆ ಕುಕ್ಕುತ್ತಾಳೆ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು. ಅಣ್ಣ ಮಾತು ಕಡಿಮೆ ಮಾಡಿದ್ದನಂತೆ. ಊರಿನಿಂದ ಬಂದವರೆಲ್ಲ, ಡಾಕ್ಟ್ರವ್ವಾ, ಯಾವಾಗ ಪಾಸಾಕ್ಕಿ ಎಂದು ಕೇಳಿ ಹೋಗುತ್ತಿದ್ದರಂತೆ. ಪಾಪ ಎನಿಸಿತು. ನನ್ನ ಮನೆಯಲ್ಲಿ ಯಾರೂ ಪಾತ್ರೆ ಕುಕ್ಕುತ್ತಿರಲಿಲ್ಲ. ಅವ್ವ ಇಬ್ಬರಿಗೂ ಸೇರಿಸಿ ಬುತ್ತಿ ಕಟ್ಟುತ್ತಿದ್ದಳು.

ಡಿಸೆಂಬರಿನ ಅರ್ಜಿಯನ್ನು ಅವಳೇ ಪಕ್ಕದಲ್ಲಿ ಕೂತು ತುಂಬಿಸಿದಳು, ಊರು ಬೆಂಗಳೂರು ಎಂದೇ ಹಾಕಿಸಿದಳು. ನಿನ್ನದು ಎಂದದ್ದಕ್ಕೆ, ನಿನ್ನೆನೇ ಅಣ್ಣನ ಮನೆಯಲ್ಲಿ ಹಾಕಿದೆ ಎಂದಳು. ಮತ್ತೆ ಹುಬ್ಬಳ್ಳಿ ಹಾಕಿರಬೇಕು, ಹುಟ್ಟುಗುಣ ಎಲ್ಲಿ ಹೋಗುತ್ತೆ ಎಂದುಕೊಂಡೆ. ಆದರೆ ಪರೀಕ್ಷೆಯ ಬೆಳಿಗ್ಗೆ ಅವಳೇ ನಮ್ಮ ಮನೆಗೆ ಬಂದಳು, ತನಗೂ ಅದೇ ಸೆಂಟರ್ ಬಂದಿದೆ ಎಂದಳು. ಅಪ್ಪ ಇಬ್ಬರನ್ನೂ ಗೇಟಿನ ತನಕ ಬಿಟ್ಟು ಕಾರ್ಖಾನೆಗೆ ಹೋದರು. ನಾನು ಸಾಲಿನಲ್ಲಿ ನಿಂತು ಓಲೆ ಬಿಚ್ಚಿ ಪರ್ಸಿಗೆ ಹಾಕಿದೆ. ತಿರುಗಿ ನೋಡಿದರೆ ಅವಳ ಓಲೆ ಕಿವಿಯಲ್ಲೇ ಇದೆ. ಬಳೆ ಕೈಯಲ್ಲೇ ಇದೆ. ಪ್ರವೇಶಪತ್ರವೂ ಕಾಣಲಿಲ್ಲ. ಮರೆತು ಬಂದೆಯಾ ಎಂದೆ.

ಅವಳು ಸಾಲಿನಿಂದ ಆಚೆ ಸರಿದು ನಿಂತಳು.

“ನಂದು ಜೂನ್‌ದಾಗ ಆಗೇತಿ. ನೀ ಒಳಗ ಹೋಗು.”

ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಂಬಿಕೆ ಬರಲಿಲ್ಲ. ಆ ಮೆಟ್ಟಿಲ ಮೇಲಿನ ಫೋನುಗಳೆಲ್ಲ ಅವಳ ಇಂಟರ್ನ್‌ಶಿಪ್ಪಿನವು. ಪಾಸಾದವರು ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯಬೇಕು, ಅದು ಯಾವ ಜಿಲ್ಲೆಯಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಬೇಕು. ಹೋಗದೆ, ಥಿನ್ನರ್ ವಾಸನೆಯ ರೂಮಿನಲ್ಲಿ ನನ್ನ ಪಕ್ಕ ಕೂತಿದ್ದಳು. ಅವಳ ಅಪ್ಪನೊಬ್ಬನಿಗೆ ಗೊತ್ತಿತ್ತಂತೆ. ಅಣ್ಣನಿಗೆ, ಅತ್ತಿಗೆಗೆ, ಕೋಚಿಂಗ್ ಸರ್‌ಗೆ, ಊರಿಗೆಲ್ಲ ಅವಳು ಫೇಲಾದವಳು. ಫೇಲಾಗಿ ಬರೆದೇ ಇಲ್ಲ ಎಂದವರನ್ನು ನಾನು ಬೇಕಾದಷ್ಟು ಕಂಡಿದ್ದೆ. ಪಾಸಾಗಿ ಫೇಲ್ ಎಂದವರನ್ನು ಕಂಡಿರಲಿಲ್ಲ. ಎಲ್ಲ ದಿಕ್ಕಿಗೂ ಅನುಮಾನಪಟ್ಟವಳು ಆ ಒಂದು ದಿಕ್ಕಿಗೆ ತಿರುಗಿಯೂ ನೋಡಿರಲಿಲ್ಲ.

ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ, ಕೋಪ. ನನ್ನ ಮೂಗಿನ ಕೆಳಗೆ ಅರ್ಧ ವರ್ಷ ನನಗೇ ಮೋಸ ಮಾಡಿದಳಲ್ಲ. ಯಾರು ಕೇಳಿದ್ದರು ನಿನ್ನನ್ನು, ಯಾಕೆ ಹೀಗೆ ಮಾಡಿದೆ ಎಂದು ಅಲ್ಲೇ ಹರಿಹಾಯ್ದೆ. ಸಾಲಿನವರೆಲ್ಲ ತಿರುಗಿ ನೋಡಿದರು.

“ನೀ ಒಬ್ಬಾಕಿ ಕುಂತ್ರ ಓದಂಗಿಲ್ಲ. ಎಲ್ಲಾರ ಮ್ಯಾಲೂ ಸಂಶಯ ಮಾಡ್ಕೋತ ಕುಂದರ್ತಿ. ಹೋಗು, ಗೇಟ್ ಹಾಕ್ತಾರ” ಎಂದಳು.

ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಾಗ ಕಣ್ಣು ಮಂಜಾಗಿ ಮೊದಲ ಪ್ರಶ್ನೆ ಓದಲಾಗಲಿಲ್ಲ. ಮೇಲ್ವಿಚಾರಕರು ಎರಡು ಸಲ ಬಂದು ಬೆನ್ನ ಹಿಂದೆ ನಿಂತು ಹೋದರು, ಕಾಪಿ ಹೊಡೆಯುತ್ತಾಳೆಂದು ಅವರಿಗೆ ಗುಮಾನಿ. ಬರೆದೆ. ಹೇಗೆ ಬರೆದೆ ಎಂಬುದು ಸರಿಯಾಗಿ ನೆನಪಿಲ್ಲ.

ಫಲಿತಾಂಶ ಬಂದ ದಿನ ಅಪ್ಪ ಪಕ್ಕದಲ್ಲಿ ನಿಂತು ನನ್ನ ನಂಬರನ್ನು ಎರಡೆರಡು ಸಲ ತಾಳೆ ನೋಡಿ, ಪಾಸ್ ಎಂದರು. ಅವ್ವ ದೇವರ ಮುಂದೆ ಹೋಗಿ ನಿಂತಳು. ನಾನು ಮಾದನಾಯಕನಹಳ್ಳಿಗೆ ಫೋನ್ ಮಾಡಿದೆ. ಅವಳು ಹಲೋ ಎನ್ನುವ ಮೊದಲೇ, ಆಯಿತು ಎಂದೆ. ಆ ಕಡೆಯಿಂದ ಅತ್ತಿಗೆ ಪಾತ್ರೆ ತೊಳೆಯುವ ಸದ್ದು ಕೇಳಿಸುತ್ತಿತ್ತು. ಗೆಳತಿ ದನಿ ತಗ್ಗಿಸಿದಳು.

“ಹಂಗಾದ್ರ ಈಗ ನಾನೂ ಪಾಸಾಗೀನಿ ಅಂತ ಮನ್ಯಾಗ ಹೇಳ್ಲೇನು?”

ಹೇಳು ಎಂದೆ. ಪಾತ್ರೆಗಳ ಸದ್ದಿನಲ್ಲಿ ಆ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.